ಸಿ, ಎ, ಟಿ ಸೇರಿ ಕ್ಯಾಟ್ ಹೆಂಗಾತು?

1823ರ ಆಗಸ್ಟ್ 17ರಂದು ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮದ್ರಾಸಿನ ತನ್ನ ಮೇಲಿನವರಿಗೆ ಒಂದು ವರದಿ ಕಳಿಸಿದ. ಹಿಂದಿನ ವರ್ಷದ ಜೂನ್‌ನಲ್ಲಿ ಗವರ್ನರ್ ಥಾಮಸ್ ಮನ್ರೋ ಪ್ರಾಂತ್ಯದ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ಕೇಳಿದ್ದ. ಮನ್ರೋ ನಮ್ಮ ಕಡೆಗೆ ಹೊಸಬನಲ್ಲ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿ ಸರ್ಕಾರದ ಕೈಗೆ ಬಿಟ್ಟಾಗ ಇಲ್ಲಿ ಕಂದಾಯ ಕಟ್ಟಿದವನೇ ಅವನು. ಇವತ್ತು ವಿಜಯನಗರ ಜಿಲ್ಲೆ ಅಂತ ಕರೆಸಿಕೊಳ್ಳುವ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ನೆಲವೆಲ್ಲ ಆಗ ಕ್ಯಾಂಪ್‌ಬೆಲ್ಲನ ಕೈಕೆಳಗೆ ಇತ್ತು. ಅನಂತಪುರದ ಕಡೆಯ ತೆಲುಗು ಸೀಮೆಯೂ ಅದರೊಳಗೇ ಸೇರಿತ್ತು.

ಶಾಲೆ ಮೇಷ್ಟ್ರುಗಳು, ಶಾಲೆ ಮಕ್ಕಳ ಜೊತೆ ಇರುವ ಗೆಳೆಯರು ಆ ವರದಿಯನ್ನು ಒಮ್ಮೆ ಓದಲೇಬೇಕು. ಜಿಲ್ಲೆಯ ಜನ 9,27,857. ಶಾಲೆ 533. ಓದುವ ಮಕ್ಕಳು 6,641. ಕನ್ನಡ ಕಲಿಸುವ ಶಾಲೆ 235, ತೆಲುಗಿನವು 226, ಮರಾಠಿಯವು 23, ಪಾರ್ಸಿಯವು 21, ತಮಿಳಿನವು 4. ಬ್ರಾಹ್ಮಣರು ಮಾತ್ರ ಕೂತು ಶಾಸ್ತ್ರ ಓದುವ ಜಾಗ 23. ಇಂಗ್ಲಿಷ್ ಕಲಿಸುವ ಶಾಲೆ ಇಡೀ ಜಿಲ್ಲೆಗೆ ಒಂದೇ ಒಂದು. ಈ 533ರಲ್ಲಿ ಒಂದು ಶಾಲೆಗೂ ಸರ್ಕಾರದಿಂದ ಬಿಡಿಗಾಸು ಸಿಗುತ್ತಿಲ್ಲ ಎಂದು ಹೇಳಲು ತನಗೆ ನಾಚಿಕೆಯಾಗುತ್ತದೆ ಅಂತ ಕಲೆಕ್ಟರನೇ ಬರೆದಿದ್ದಾನೆ. ಇಂಗ್ಲೆಂಡಿನ ಬಟ್ಟೆ ಬಂದು ನೇಯುವವರ ಅನ್ನ ಹೋಗಿದೆ, ಮುಂಚೆ ಶಾಲೆ ಇದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆ ಇಲ್ಲ ಅಂತಲೂ ಒಪ್ಪಿಕೊಂಡಿದ್ದಾನೆ. ಆ ಮಟ್ಟಿಗೆ ಅವನು ಪ್ರಾಮಾಣಿಕ.

ನಮಗೆ ಬೇಕಾದ್ದು ಲೆಕ್ಕದ ಆಚೆಗಿನ ಮಾತು. ಮಕ್ಕಳಿಗೆ ಅಕ್ಷರ ಹೇಗೆ ಕಲಿಸುತ್ತಾರೆ ಅಂತ ಅವನು ನೋಡಿ ಬರೆದಿದ್ದಾನೆ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಕೊನೆಗೆ ಬಂದವನವರೆಗೆ ಒಂದೊಂದು ಏಟು ಏರುತ್ತಾ ಹೋಗುತ್ತದೆ. ಆಮೇಲೆ ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದುವುದು. ಬಿಡಿ ಅಕ್ಷರ ಆದ ಮೇಲೆ ಸ್ವರ ಕೂಡಿಸುವುದು, ಒತ್ತು ಕೊಡುವುದು, ಕೂಡಿಸಿದ ತುಂಡುಗಳನ್ನು ಹೊಂದಿಸಿ ಮನುಷ್ಯರ ಹೆಸರು, ಊರಿನ ಹೆಸರು, ಪ್ರಾಣಿಗಳ ಹೆಸರು ಬರೆಯುವುದು. ಮುಂದೆ ಹೋದ ಹುಡುಗ ಹಿಂದಿದ್ದವನಿಗೆ ಹೇಳಿಕೊಡುವುದು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಚೆನ್ನಾಗಿ ಅಕ್ಷರ ಕಲಿಸುವ ರೀತಿಯನ್ನು ಅವನು ಮೆಚ್ಚಿಕೊಂಡಿದ್ದಾನೆ. ಆಮೇಲೆ ಪೆಟ್ಟು ಕೊಟ್ಟಿದ್ದಾನೆ: ಈ ಮಕ್ಕಳು ಹಳೆಯ ಕಾವ್ಯದ ಪದ್ಯಗಳನ್ನು ರಾಶಿಗಟ್ಟಲೆ ಬಾಯಿಪಾಠ ಒಪ್ಪಿಸುತ್ತಾರೆ, ಅದರ ಅರ್ಥ ಮಾತ್ರ ಗಿಳಿಗೆ ಎಷ್ಟು ಗೊತ್ತೋ ಅಷ್ಟೇ ಗೊತ್ತು.

ಇನ್ನೂರು ವರ್ಷ ಆಯಿತು. ಗಿಳಿ ಇನ್ನೂ ಹಾರಿಹೋಗಿಲ್ಲ. ನಮ್ಮ ಹಳ್ಳಿಗಳ ಶಾಲೆಯಲ್ಲಿ ಇಂಗ್ಲಿಷ್ ಪಾಠ ನಡೆಯುವಾಗ ಹೊರಗಿನ ಕಟ್ಟೆ ಮೇಲೆ ಕೂತು ಕೇಳಿದರೆ ಅದರ ದನಿಯೇ ಕಿವಿಗೆ ಬೀಳುತ್ತದೆ.

ಆ ಮರಳಿನ ಮುಂದೆ ಯಾರು ಕೂತಿದ್ದರು? ಕ್ಯಾಂಪ್‌ಬೆಲ್ಲನ ಪಟ್ಟಿಯಲ್ಲಿ ಬ್ರಾಹ್ಮಣರ ಹುಡುಗರು 1,185, ವೈಶ್ಯರು 981, ಶೂದ್ರರು 2,998, ‘ಇತರ ಜಾತಿ’ 1,174. ಮುಸ್ಲಿಮರ ಮಕ್ಕಳು 243. ಉಳಿದ 60 ಹೆಣ್ಣುಮಕ್ಕಳು. ಒಂಬತ್ತು ಲಕ್ಷ ಜನರ ಜಿಲ್ಲೆಯಲ್ಲಿ ಅರವತ್ತು! ಆ ‘ಇತರ ಜಾತಿ’ ಎಂಬ ಒಂದು ಅಂಕಣವನ್ನು ಹಿಡಿದುಕೊಂಡು, ಬ್ರಿಟಿಷರು ಬರುವ ಮುಂಚೆ ಹೊಲೆಯರ, ಮಾದಿಗರ ಮಕ್ಕಳೂ ಎಲ್ಲರ ಜೊತೆ ಕೂತು ಓದುತ್ತಿದ್ದರು ಅಂತ ವಾದ ಮಾಡುವ ಪಂಡಿತರಿದ್ದಾರೆ. ಆ ಅಂಕಣದಲ್ಲಿ ಒಂದು ಜಾತಿಯ ಹೆಸರೂ ಇಲ್ಲ. ಜಗಲಿ ಮೇಲೆ ನಡೆಯುತ್ತಿದ್ದ ಶಾಲೆ ಅದು. ಯಾರ ಜಗಲಿ? ಆ ಜಗಲಿಯನ್ನು ಹತ್ತುವ ಹಕ್ಕು ನಮ್ಮ ಮುತ್ತಾತಂದಿರಿಗೆ ಇತ್ತೇ? ಊರ ಬಾವಿಗೆ ಕೊಡ ಇಳಿಸಲು ಬಿಡದವರು ಮರಳಿನ ಮುಂದೆ ಜಾಗ ಕೊಟ್ಟರು ಅಂತ ನಂಬುವಷ್ಟು ದೊಡ್ಡ ಮನಸ್ಸು ನಮಗಿಲ್ಲ.

ನಮ್ಮ ನಾಲಿಗೆಗೂ ಅಕ್ಷರಕ್ಕೂ ಇರುವ ನಂಟನ್ನು ಕತ್ತರಿಸಿದ್ದು ಬರೀ ಬಡತನವಲ್ಲ. ಗೌತಮ ಧರ್ಮಸೂತ್ರ ವೇದ ಕೇಳಿದ ಶೂದ್ರನ ಕಿವಿಗೆ ಕಾದ ತವರ ಮತ್ತು ಅರಗು ಹೊಯ್ಯಬೇಕು, ಗಟ್ಟಿಯಾಗಿ ಉಚ್ಚರಿಸಿದರೆ ನಾಲಿಗೆ ಕತ್ತರಿಸಬೇಕು ಅನ್ನುತ್ತದೆ. ಅಕ್ಷರ ಕಂಡ ಕಣ್ಣಿಗೆ ಅಲ್ಲಿ ಶಿಕ್ಷೆ ಹೇಳಿಲ್ಲ. ಹೇಳಿದ್ದು ಕೇಳಿದ ಕಿವಿಗೆ ಮತ್ತು ಉಲಿದ ನಾಲಿಗೆಗೆ. ಶೂದ್ರನಿಗೇ ಇಷ್ಟಾದರೆ ಅವನಿಗಿಂತ ಕೆಳಗೆ ತಳ್ಳಿದವರ ಪಾಡೇನು? ಆದ್ದರಿಂದ ಕೇರಿಯ ಒಂದು ಮಗು ಎದ್ದು ನಿಂತು ಗಟ್ಟಿಯಾಗಿ ಓದುವುದನ್ನು ನಾವು ಬರೀ ಪಾಠದ ಕ್ರಮ ಅಂತ ನೋಡುವುದಿಲ್ಲ. ಸಾವಿರಾರು ವರ್ಷ ಮುಚ್ಚಿಸಿದ್ದ ಬಾಯಿ ಅದು.

ಈಗ ಆ ಮರಳಿನ ಕತೆ ಸ್ವಲ್ಪ ಮುಂದಕ್ಕೆ. ಆ್ಯಂಡ್ರೂ ಬೆಲ್ ಅಂತ ಒಬ್ಬ ಪಾದ್ರಿ ಮದ್ರಾಸಿನಲ್ಲಿ ಸಿಪಾಯಿಗಳ ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ. ಒಂದು ದಿನ ಊರ ಶಾಲೆಯ ಮಕ್ಕಳು ಮರಳಲ್ಲಿ ಅಕ್ಷರ ಬರೆಯುತ್ತಾ ಒಬ್ಬರಿಗೊಬ್ಬರು ಹೇಳಿಕೊಡುವುದನ್ನು ಕಂಡ. ಅದನ್ನೇ ತನ್ನ ಶಾಲೆಗೆ ತಂದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಅಚ್ಚಾಯಿತು. ‘ಮದ್ರಾಸ್ ಪದ್ಧತಿ’ ಅನ್ನುವ ಹೆಸರಲ್ಲಿ ಇಂಗ್ಲೆಂಡಿನ ಬಡವರ ಮಕ್ಕಳು ಮರಳಲ್ಲಿ ಅಕ್ಷರ ತಿದ್ದಿದರು. ನೋಡಿ ತಮಾಷೆ! ಇಲ್ಲಿನ ಮರಳು ಸಮುದ್ರ ದಾಟಿ ಹೋಗಿ ಬಿಳಿ ಬಡವನ ಮಗನಿಗೆ ಸಿಕ್ಕಿತು. ಅದೇ ಮರಳು ಊರ ಮುಂದಿನ ಹಳ್ಳ ದಾಟಿ ನಮ್ಮ ಕೇರಿಗೆ ಬರಲಿಲ್ಲ.

ಇಂಗ್ಲಿಷರು ತಮ್ಮ ಮಕ್ಕಳಿಗೆ ತಮ್ಮ ಭಾಷೆಯನ್ನು ಓದಲು ಹೇಗೆ ಕಲಿಸುತ್ತಿದ್ದರು? ಇದು ನಮ್ಮ ಮೇಷ್ಟ್ರುಗಳಿಗೆ ಗೊತ್ತಿರಬೇಕಾದ ಸಂಗತಿ. ಟ್ರೈನಿಂಗಿನಲ್ಲಿ ಇದನ್ನು ಹೇಳಿದವರನ್ನು ನಾವು ಕಂಡಿಲ್ಲ. ಅಲ್ಲಿ ಹಿಡಿಕೆ ಇರುವ ಒಂದು ಸಣ್ಣ ಹಲಗೆ ಇರುತ್ತಿತ್ತು. ಅದರ ಮೇಲೆ ಒಂದು ಹಾಳೆ, ಹಾಳೆ ಕೊಳೆಯಾಗದಂತೆ ಕೊಂಬಿನ ತೆಳು ಪದರ. ಅದಕ್ಕೇ ಅದರ ಹೆಸರು ಹಾರ್ನ್‌ಬುಕ್, ಅಂದರೆ ಕೊಂಬಿನ ಪುಸ್ತಕ. ಅದರಲ್ಲಿ ಮೊದಲು ಎಬಿಸಿಡಿ. ಎಬಿಸಿಡಿ ಮುಗಿದ ಕೂಡಲೇ ಏನಿತ್ತು ಅಂತೀರಿ? ಆ್ಯಬ್, ಎಬ್, ಇಬ್, ಆಬ್, ಅಬ್. ಅದರ ಪಕ್ಕದಲ್ಲಿ ಬಿ ಅಕ್ಷರಕ್ಕೆ ಐದು ಸ್ವರ ಹಚ್ಚಿದ ಸಾಲು: ಬ, ಬೆ, ಬಿ, ಬೊ, ಬು. ನಮ್ಮ ಕಾಗುಣಿತ! ‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಅಂತ ನಮ್ಮ ಮಕ್ಕಳು ರಾಗವಾಗಿ ಹೇಳುವುದನ್ನೇ ಇಂಗ್ಲಿಷ್ ಮಕ್ಕಳೂ ತಮ್ಮ ರೀತಿಯಲ್ಲಿ ಹೇಳುತ್ತಿದ್ದರು. 1783ರಲ್ಲಿ ಅಮೆರಿಕದಲ್ಲಿ ನೋವಾ ವೆಬ್‌ಸ್ಟರ್ ಅಚ್ಚುಹಾಕಿಸಿದ ಕಾಗುಣಿತದ ಪುಸ್ತಕವೂ ಹೀಗೇ. ಮೊದಲು ಎರಡಕ್ಷರದ ತುಂಡು, ಆಮೇಲೆ ಮೂರಕ್ಷರದ್ದು, ಆಮೇಲೆ ಉದ್ದ ಪದಗಳನ್ನು ತುಂಡುತುಂಡಾಗಿ ಬಿಡಿಸಿ ಕೊಡುವುದು. ಅಂಥ ತುಂಡಿಗೆ ಅವರು ಸಿಲಬಲ್ ಅನ್ನುತ್ತಾರೆ. ಒಂದು ಉಸಿರ ತಟ್ಟಿಗೆ ಬಾಯಿಂದ ಬೀಳುವಷ್ಟು ಸದ್ದು.

ಆ ವೆಬ್‌ಸ್ಟರನ ಪುಸ್ತಕ ಒಬ್ಬ ಗುಲಾಮ ಹುಡುಗನ ಜೇಬಿನಲ್ಲೂ ಇತ್ತು. ಫ್ರೆಡರಿಕ್ ಡಗ್ಲಸ್ ಎಂಬ ಕರಿಯ ಹುಡುಗ ಬಾಲ್ಟಿಮೋರ್ ಊರಿನಲ್ಲಿ ಒಂದು ಮನೆಯಲ್ಲಿ ಗುಲಾಮನಾಗಿದ್ದ. ಮನೆಯೊಡತಿ ಅವನಿಗೆ ಎಬಿಸಿಡಿ, ಮೂರು ನಾಲ್ಕು ಅಕ್ಷರದ ಪದ ಹೇಳಿಕೊಡಲು ಶುರುಮಾಡಿದಳು. ಅವಳ ಗಂಡ ತಡೆದ. ಗುಲಾಮನಿಗೆ ಓದು ಬಂದರೆ ಅವನು ಗುಲಾಮನಾಗಿ ಉಳಿಯುವುದಿಲ್ಲ ಅನ್ನುವುದು ಅವನ ತರ್ಕ. ಆ ಧಣಿಗೆ ನಮ್ಮ ಎಷ್ಟೋ ವಿದ್ಯಾಮಂತ್ರಿಗಳಿಗಿಂತ ಶಿಕ್ಷಣದ ಬೆಲೆ ಚೆನ್ನಾಗಿ ತಿಳಿದಿತ್ತು. ಹುಡುಗ ಬಿಡಲಿಲ್ಲ. ಹಸಿದ ಬಿಳಿ ಹುಡುಗರಿಗೆ ಬೀದಿಯಲ್ಲಿ ರೊಟ್ಟಿ ಕೊಟ್ಟು ಅವರಿಂದ ಒಂದೊಂದೇ ಪಾಠ ಕೊಂಡ. 1845ರಲ್ಲಿ ತನ್ನ ಆತ್ಮಕತೆಯಲ್ಲಿ ಇದನ್ನೆಲ್ಲ ತಾನೇ ಬರೆದ. ಅದೇ ಹತ್ತು ವರ್ಷದೊಳಗೆ, 1848ರಲ್ಲಿ, ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದರು. 1854ರಲ್ಲಿ ಅಚ್ಚಾದ ಸಾವಿತ್ರಿಬಾಯಿಯ ಕವನ ಸಂಕಲನದಲ್ಲಿ ಇಂಗ್ಲಿಷ್ ಕಲಿಯಿರಿ ಎಂದು ಶೂದ್ರಾತಿಶೂದ್ರರಿಗೆ ಹೇಳುವ ಪದ್ಯಗಳಿವೆ. ಅಮೆರಿಕದ ಗುಲಾಮನಿಗೂ ಪುಣೆಯ ಅವ್ವನಿಗೂ ಒಬ್ಬರ ಗುರುತು ಒಬ್ಬರಿಗಿಲ್ಲ.

ನಮ್ಮ ಬಳ್ಳಾರಿಗೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ಬಂದಿದ್ದ. ಬೈಬಲ್ಲನ್ನು ಕನ್ನಡಕ್ಕೆ ತಂದ. ಅವನ ಜೊತೆಯ ವಿಲಿಯಂ ರೀವ್ ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದ. 1846ರಲ್ಲಿ ವಾರ್ಡ್‌ಲಾ ಶಾಲೆ ಆಯಿತು. ಇಂಗ್ಲಿಷ್ ಅಲ್ಲಿಗೆ ಬಂದು ನಿಂತಿತು. ಕೋರ್ಟಿಗೆ, ಕಲೆಕ್ಟರ್ ಕಚೇರಿಗೆ, ರೈಲು ಇಲಾಖೆಗೆ ಬೇಕಾದ ಗುಮಾಸ್ತರು ಮೊದಲೇ ಓದಿದ ಮನೆಗಳಿಂದ ಬಂದರು. ಹಡಗಲಿಯ, ಕೂಡ್ಲಿಗಿಯ ಒಣಭೂಮಿಯಲ್ಲಿ ಜೀತ ಮಾಡುವವನಿಗೆ ಇಂಗ್ಲಿಷ್ ಕಂಡದ್ದು ಒಂದೇ ಕಡೆ: ತಾನು ಹೆಬ್ಬೆಟ್ಟು ಒತ್ತಿದ ಕಾಗದದ ಮೇಲಿನ ಮೊಹರಿನಲ್ಲಿ.

ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಇನ್ನೊಂದು ಅನಾಹುತ ಆಯಿತು. ಇನ್ಸ್‌ಪೆಕ್ಟರ್ ಬಂದ ದಿನ ಎಷ್ಟು ಮಕ್ಕಳು ಓದಿ ಒಪ್ಪಿಸುತ್ತಾರೋ ಅಷ್ಟು ಗ್ರಾಂಟು ಅನ್ನುವ ನಿಯಮ ಇಂಗ್ಲೆಂಡಿನಲ್ಲಿ 1862ರಲ್ಲಿ ಬಂತು. ಮದ್ರಾಸ್ ಪ್ರಾಂತ್ಯವೂ ಅದೇ ದಾರಿ ಹಿಡಿಯಿತು. ಆಗ ಮೇಷ್ಟ್ರು ಏನು ಮಾಡಬೇಕು? ಹೊಟ್ಟೆಪಾಡು. ಇಡೀ ಪುಸ್ತಕವನ್ನೇ ಬಾಯಿಪಾಠ ಮಾಡಿಸಿದರು. ಪುಸ್ತಕ ತಲೆಕೆಳಗಾಗಿ ಹಿಡಿದರೂ ಹುಡುಗ ‘ಓದುತ್ತಾನೆ’. ಇಂಗ್ಲೆಂಡಿನಲ್ಲಿ ಇನ್ಸ್‌ಪೆಕ್ಟರನೇ ಆಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್ ಈ ಮೋಸವನ್ನು ಬಯಲಿಗೆಳೆದು ಬರೆದ. ನಮ್ಮಲ್ಲಿ ಗ್ರಾಂಟಿನ ನಿಯಮ ಹೋಯಿತು, ಇನ್ಸ್‌ಪೆಕ್ಟರ್ ಬಂದ ದಿನ ನಿಲ್ಲಿಸಿ ಓದಿಸಲು ಒಬ್ಬ ‘ಶಾಣ್ಯಾ’ ಹುಡುಗನನ್ನು ತಯಾರು ಮಾಡಿಡುವ ಚಾಳಿ ಮಾತ್ರ ಉಳಿಯಿತು. ಆ ಒಬ್ಬ ಹುಡುಗ ಯಾವ ಓಣಿಯವನಾಗಿರುತ್ತಾನೆ ಅಂತ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಸ್ವಾತಂತ್ರ್ಯ ಬಂತು. 1953ರ ಜೂನ್‌ನಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಗೋಪಾಲಾಚಾರಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಒಂದು ಹೊಸ ಯೋಜನೆ ತಂದರು. ದಿನಕ್ಕೆ ಮೂರು ಗಂಟೆ ಶಾಲೆ, ಉಳಿದ ಹೊತ್ತು ಅಪ್ಪನ ಕಸುಬು ಕಲಿಯುವುದು. ಚಮ್ಮಾರನ ಮಗ ಚಪ್ಪಲಿ ಹೊಲಿಯಲಿ, ಮಾದರವನ ಮಗ ಸತ್ತ ದನ ಎಳೆಯಲಿ, ಪುರೋಹಿತನ ಮಗ? ಅವನ ಕಸುಬೇ ಓದು. ಆ ಜೂನ್‌ನಲ್ಲಿ ನಮ್ಮ ಸೀಮೆ ಇನ್ನೂ ಮದ್ರಾಸ್ ರಾಜ್ಯದಲ್ಲೇ ಇತ್ತು. ಅಕ್ಟೋಬರ್ 1ಕ್ಕೆ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ, ಸಂಡೂರು ಹಾಗೂ ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರಿಗೆ ಸೇರಿದವು. 1954ರಲ್ಲಿ ಕಾಮರಾಜರು ಬಂದು ಮದ್ರಾಸಿನಲ್ಲಿ ಆ ಯೋಜನೆಯನ್ನು ಹೂತುಹಾಕಿದರು. ಏಕೀಕರಣದ ಸಂಭ್ರಮದಲ್ಲಿ ನಮ್ಮ ಇತಿಹಾಸಕಾರರು ಬರೆಯದೆ ಬಿಟ್ಟ ತಿಂಗಳುಗಳಿವು.

ಜಿಲ್ಲೆಯ ಹೆಸರು ಬದಲಾಗುವುದಕ್ಕಂತೂ ಲೆಕ್ಕವಿಲ್ಲ. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಹಚ್ಚಿದರು, 2018ರಲ್ಲಿ ಮತ್ತೆ ಬಳ್ಳಾರಿಗೆ ತಂದರು, 2021ರಲ್ಲಿ ವಿಜಯನಗರಕ್ಕೆ ಹಾಕಿದರು. ಶಾಲೆಯ ಬೋರ್ಡಿಗೆ ಮೂರು ಸಲ ಬಣ್ಣ ಬಳಿದರು. ಒಳಗಿನ ಪಾಠ ಇದ್ದಂಗೇ ಇತ್ತು.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಇಂಗ್ಲಿಷ್ ಕಲಿಯಿರಿ ಎಂದು ದಲಿತ ಹುಡುಗರಿಗೆ ಹೇಳಿದರು. ಊರೂರಲ್ಲಿ ನಮ್ಮ ಹುಡುಗರಿಗೆ ಏಟು ಬಿದ್ದವು, ಅವರು ಮಂತ್ರಿಗಿರಿ ಬಿಟ್ಟರು. ಈ ಪತ್ರಿಕೆಯಂಥ ಪತ್ರಿಕೆಗಳು ಹುಟ್ಟಿದ್ದೇ ಆ ಸಿಟ್ಟಿನಿಂದ. ಬೂಸಾ ಅನ್ನುವ ಮಾತಿನ ಮೇಲೆ ಪುಟಗಟ್ಟಲೆ ಚರ್ಚೆ ನಡೆಯಿತು. ಇಂಗ್ಲಿಷ್ ಕಲಿಯಿರಿ ಅನ್ನುವ ಮಾತಿನ ಮೇಲೆ ಅಷ್ಟು ನಡೆಯಲಿಲ್ಲ. 1981ರಲ್ಲಿ ಗೋಕಾಕ್ ವರದಿ ಬಂತು, 1982ರಲ್ಲಿ ಚಳವಳಿ ನಡೆಯಿತು. 1994ರಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಇಲ್ಲವೇ ಕನ್ನಡವೇ ಮಾಧ್ಯಮ ಎಂದಿತು. 2007ರಲ್ಲಿ ಸರ್ಕಾರಿ ಕನ್ನಡ ಶಾಲೆಯ ಒಂದನೇ ತರಗತಿಗೆ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2014ರ ಮೇ 6ರಂದು ಸುಪ್ರೀಂ ಕೋರ್ಟು ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಹೊರಟರು.

ಇಷ್ಟೂ ವರ್ಷ ನಡೆದ ಜಗಳ ಒಂದೇ. ಇಂಗ್ಲಿಷ್ ಯಾವ ಇಯತ್ತೆಯಿಂದ? ಮಾಧ್ಯಮವೋ, ವಿಷಯವೋ? ಈ ಜಗಳದಲ್ಲಿ ನಮ್ಮ ಹಿರಿಯರೂ ಎರಡು ಪಾಲಾದರು. ಕನ್ನಡದ ಸಮಾನ ಶಾಲೆ ಬೇಕು ಅಂದವರು ಒಂದು ಕಡೆ, ಶ್ರೀಮಂತನ ಮಗನಿಗೆ ಸಿಗುವ ಇಂಗ್ಲಿಷ್ ಕೂಲಿಯವನ ಮಗನಿಗೂ ಬೇಕು ಅಂದವರು ಇನ್ನೊಂದು ಕಡೆ. ಇಬ್ಬರ ಮೇಲೂ ನಮಗೆ ಗೌರವ ಇದೆ. ಆದರೆ ಮನೆಯಲ್ಲಿ ಓದಿದವರು ಒಬ್ಬರೂ ಇಲ್ಲದ ಮಗು ಇಂಗ್ಲಿಷ್ ಅಕ್ಷರ ನೋಡಿ ಅದನ್ನು ಸದ್ದು ಮಾಡುವುದು ಹೇಗೆ ಅನ್ನುವ ಪ್ರಶ್ನೆಯನ್ನು ಯಾವ ಸರ್ಕಾರವೂ ಕೇಳಲಿಲ್ಲ, ಯಾವ ಚಳವಳಿಯೂ ಬೀದಿಗೆ ತರಲಿಲ್ಲ. ಯಾಕೆಂದರೆ ಈ ಪ್ರಶ್ನೆ ಕೇಳುವವರ ಮನೆಯಲ್ಲಿ ಅದು ಪ್ರಶ್ನೆಯೇ ಆಗಿರಲಿಲ್ಲ. ಅವರ ಮಕ್ಕಳಿಗೆ ಅಮ್ಮನೋ ಅತ್ತೆಯೋ ಮಡಿಲಲ್ಲಿ ಕೂರಿಸಿಕೊಂಡು ಓದಿಸುತ್ತಿದ್ದರು.

ನಮ್ಮಲ್ಲಿ ಕೆಲವರು ಒಂದನೇ ಇಯತ್ತೆಗೆ ಹೆಸರು ಹಚ್ಚಿದ್ದು ಅದೇ 2007ರ ಆಸುಪಾಸಿನಲ್ಲಿ. ನಮ್ಮ ಮೇಷ್ಟ್ರುಗಳು ತಾವೇ ಐದನೇ ಇಯತ್ತೆಯಲ್ಲಿ ಎಬಿಸಿಡಿ ಕಂಡವರು. ಅವರನ್ನು ಬೈದು ಪ್ರಯೋಜನವಿಲ್ಲ. ಒಂದು ಕೋಣೆ, ಮೂರು ತರಗತಿ, ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ ಕೆಲಸ. ಅದರ ನಡುವೆ ಇಂಗ್ಲಿಷ್ ಅಂದರೆ ಬೋರ್ಡಿನಲ್ಲಿ ಬರೆದದ್ದನ್ನು ಕಾಪಿ ಮಾಡುವುದು. ಕಾಪಿ ಮಾಡುವುದರಲ್ಲಿ ನಮ್ಮ ಹುಡುಗರು ಜಾಣರು, ಮುತ್ತು ಪೋಣಿಸಿದಂಗೆ ಬರೆಯುತ್ತಾರೆ. ಇದನ್ನ ಓದು ಅಂದರೆ ಮುಖ ನೋಡುತ್ತಾರೆ. ಪುಸ್ತಕ ತೆರೆದರೆ ಇಂಗ್ಲಿಷ್ ಸಾಲಿನ ತಲೆ ಮೇಲೆ ಪೆನ್ಸಿಲ್ಲಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿರುತ್ತಾರೆ. ಅವರು ಓದುವುದು ಆ ಪೆನ್ಸಿಲ್ ಸಾಲನ್ನು. ಮುಂದೆ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಎಲ್ಲವೂ ಗೈಡಿನ ಬಾಯಿಪಾಠದಲ್ಲೇ ದಾಟಿಹೋಗುತ್ತದೆ. ಕೈಯಲ್ಲಿ ಡಿಗ್ರಿ ಇರುತ್ತದೆ, ಇಂಟರ್‌ವ್ಯೂನಲ್ಲಿ ಒಂದು ಪ್ಯಾರಾ ಗಟ್ಟಿಯಾಗಿ ಓದು ಅಂದರೆ ಗಂಟಲು ಒಣಗುತ್ತದೆ.

ಈಗ ಆ ಹುಡುಗಿಯ ಪ್ರಶ್ನೆ. ಕೇರಿಯ ಸಮುದಾಯ ಭವನದ ಕಟ್ಟೆ ಮೇಲೆ ಸಂಜೆ ಹೊತ್ತು ನಾವು ಕೆಲವರು ಮಕ್ಕಳನ್ನು ಕೂರಿಸಿ ಓದಿಸುತ್ತೇವೆ. ನಾಲ್ಕನೇ ಇಯತ್ತೆಯ ಒಬ್ಬಳು ಕೇಳಿದಳು: “ಅಣ್ಣಾ, ಸಿ, ಎ, ಟಿ ಸೇರಿದ್ರ ಸಿಎಟಿ ಆಗಬೇಕಲ್ಲ? ಕ್ಯಾಟ್ ಹೆಂಗಾತು?”

ಇದಕ್ಕಿಂತ ಸರಿಯಾದ ಪ್ರಶ್ನೆ ಇಲ್ಲ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಸದ್ದು. ‘ಕ’ ಅಂದರೆ ‘ಕ’ನೇ. ಇಂಗ್ಲಿಷಿನಲ್ಲಿ ಅಕ್ಷರಕ್ಕೆ ಹೆಸರು ಬೇರೆ, ಸದ್ದು ಬೇರೆ. ‘ಸಿ’ ಅನ್ನುವುದು ಹೆಸರು, ಕ್ಯಾಟ್‌ನಲ್ಲಿ ಅದು ಮಾಡುವ ಸದ್ದು ‘ಕ್’. ‘ಡಬ್ಲ್ಯೂ’ ಅನ್ನುವ ಇಷ್ಟುದ್ದ ಹೆಸರಿನವನು ಮಾಡುವ ಸದ್ದು ಬರೀ ‘ವ್’. ಊರಲ್ಲಿ ಗೌಡನ ಹೆಸರು ಒಂದು, ಅವನು ಮಾಡುವ ಕೆಲಸ ಇನ್ನೊಂದು ಇರಲ್ಲೇನು, ಹಂಗೇ ಅಂತ ಹೇಳಿದೆವು. ಹುಡುಗಿ ನಕ್ಕಳು. ಈ ಒಂದು ಗುಟ್ಟನ್ನು ಹೇಳದೆ ವರ್ಷಗಟ್ಟಲೆ ‘ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು’ ಅಂತ ಕೂಗಿಸುತ್ತಾರೆ. ಬುದ್ಧಿ ಇರುವ ಮಗು ತನಗೇ ಬುದ್ಧಿ ಇಲ್ಲ ಅಂದುಕೊಳ್ಳುತ್ತದೆ.

ಎರಡನೇ ಕಷ್ಟ ಕೊನೆಯ ಅರ್ಧಾಕ್ಷರದ್ದು. ನಮ್ಮ ಆಡುಮಾತು ಸ್ವರದಲ್ಲಿ ಮುಗಿಯುತ್ತದೆ, ಆದ್ದರಿಂದ ಬಸ್ಸು, ಪೆನ್ನು, ಬುಕ್ಕು. ಮುಂದಿನ ಒತ್ತಕ್ಷರಕ್ಕೆ ಇಕಾರದ ಊರುಗೋಲು ಬೇಕು, ಆದ್ದರಿಂದ ಇಸ್ಕೂಲು. ಕಾನ್ವೆಂಟಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ. ಇದು ನಾಲಿಗೆಯ ನಿಯಮ, ದಡ್ಡತನ ಅಲ್ಲ. ಪೆನ್ನು ಅನ್ನುವ ಮಗುವಿಗೆ ಮೊದಲು ಪೆನ್ನು ಅಂತಲೇ ಓದಲು ಬಿಡಬೇಕು. ಓದು ಕೈಗೆ ಹತ್ತಿದ ಮೇಲೆ ಕೊನೆಯ ಉಕಾರ ತಾನೇ ಉದುರುತ್ತದೆ. ಮೊದಲ ದಿನವೇ ಉಚ್ಚಾರ ತಿದ್ದಲು ಹೋದರೆ ಬಾಯಿ ಮುಚ್ಚುತ್ತದೆ, ಮುಚ್ಚಿದ ಬಾಯಿ ಮತ್ತೆ ತೆರೆಯುವುದು ಕಷ್ಟ.

ಎಲ್ಲಿಂದ ಶುರು? ಆ್ಯಪಲ್ಲಿನಿಂದ ಅಲ್ಲ. ಕೇರಿಯ ಬಾಯಲ್ಲಿ ಈಗಾಗಲೇ ಇರುವ ಇಂಗ್ಲಿಷಿನಿಂದ. ನಮ್ಮ ಅವ್ವಂದಿರು ದಿನಾ ಆಡುವ ಪದಗಳನ್ನು ಬರೆದಿಟ್ಟೆವು: ಬಸ್, ಟಿಕೆಟ್, ಕಂಡಕ್ಟರ್, ಮಾರ್ಕೆಟ್, ರೇಷನ್, ಡಾಕ್ಟರ್, ಪೊಲೀಸ್, ಟ್ರ್ಯಾಕ್ಟರ್, ಕಾಂಟ್ರ್ಯಾಕ್ಟರ್. ಬೆಂಗಳೂರಿಗೆ ಗುಳೆ ಹೋಗಿ ಬಂದವರ ಮನೆಯಲ್ಲಿ ಸಿಮೆಂಟ್, ಸೆಂಟ್ರಿಂಗ್, ಕಾಂಕ್ರೀಟ್. ಕೂಲಿ ಅನ್ನುವ ನಮ್ಮ ಪದವೇ ಇಂಗ್ಲಿಷ್ ನಿಘಂಟಿನಲ್ಲಿ ಕೂತಿದೆ ಅಂತ ತೋರಿಸಿದಾಗ ಹುಡುಗರು ನಂಬಲಿಲ್ಲ, ಪುಸ್ತಕ ಕಿತ್ತುಕೊಂಡು ನೋಡಿದರು. ಇವುಗಳ ಅರ್ಥ ಹೇಳುವ ಕೆಲಸವೇ ಇಲ್ಲ. ಸದ್ದೂ ಗೊತ್ತು, ಅರ್ಥವೂ ಗೊತ್ತು, ಅಕ್ಷರ ಒಂದೇ ಗೊತ್ತಿಲ್ಲ. ಮಾರ್-ಕೆಟ್. ಟಿ-ಕೆಟ್. ಎರಡರಲ್ಲೂ ‘ಕೆಟ್’ ಒಂದೇ ಅಂತ ಮಗುವೇ ಕಂಡುಹಿಡಿಯುತ್ತದೆ. ಡಾಕ್-ಟರ್. ಕಂ-ಡಕ್-ಟರ್. ‘ಟರ್’ ಸಿಕ್ಕಿತು. ಆ ಬಾಲವನ್ನು ಹಿಡಿದುಕೊಂಡರೆ ಟ್ರ್ಯಾಕ್ಟರ್, ಕಾಂಟ್ರ್ಯಾಕ್ಟರ್ ತಾನೇ ಬರುತ್ತವೆ. ಹಾರ್ನ್‌ಬುಕ್ಕಿನವರು ಐದು ಸ್ವರ ಹಚ್ಚಿ ಮಾಡಿದ್ದು ಇದನ್ನೇ, ಅಂಗೈ ಅಗಲದ ಹಲಗೆಯಲ್ಲಿ. ಕಾಗುಣಿತ ಬಲ್ಲ ಮಗುವಿನ ಕಿವಿಗೆ ಪದವನ್ನು ತುಂಡು ಮಾಡಿ ಕೇಳುವುದು ಆಗಲೇ ಬರುತ್ತದೆ. ಆ ಬಂಡವಾಳ ಬಿಟ್ಟ ಶಾಲೆ ಪ್ರತಿ ಪದವನ್ನೂ ಚಿತ್ರದ ಹಾಗೆ ನೆನಪಿಡು ಅನ್ನುತ್ತದೆ.

ಕಾಗುಣಿತ ಪೂರ್ತಿ ಸಾಕಾಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಇಂಗ್ಲಿಷಿನ ಐದು ಸ್ವರಾಕ್ಷರಗಳು ಹತ್ತಾರು ಸದ್ದು ಮಾಡುತ್ತವೆ. ‘ರೇಷನ್’ನ ಬಾಲದಲ್ಲಿ ಟಿ ಇದೆ, ಟಕಾರ ಕೇಳುವುದಿಲ್ಲ. ‘ನೈಫ್’ನ ಮುಂದೆ ಕೆ ಇದೆ, ಅದು ಮಾತೇ ಆಡುವುದಿಲ್ಲ. ನೂರಾರು ವರ್ಷದ ಹಿಂದೆ ಇಂಗ್ಲಿಷರು ಆ ಕೆಯನ್ನು ಉಚ್ಚರಿಸುತ್ತಿದ್ದರು. ನಾಲಿಗೆ ಬಿಟ್ಟಿತು, ಬರಹ ಬಿಡಲಿಲ್ಲ. ಇಂಥವನ್ನು ಮಾತ್ರ ಬೇರೆ ಪಟ್ಟಿ ಮಾಡಿ ಕಣ್ಣಿಗೆ ರೂಢಿ ಮಾಡಿಸಬೇಕು. ಕಾಗುಣಿತದಿಂದ ಎಲ್ಲ ಬರುತ್ತದೆ ಅಂತ ಸುಳ್ಳು ಹೇಳಿದರೆ ಮಗು ಎರಡನೇ ವಾರಕ್ಕೇ ನಮ್ಮನ್ನು ಹಿಡಿಯುತ್ತದೆ.

ತುಂಡು ಎಣಿಸಲು ಒಂದು ತಾಳ ಬೇಕು. ಹಲಗಿ ತಂದೆವು. ಕಂ-ಡಕ್-ಟರ್, ಮೂರು ಪೆಟ್ಟು. ಮಕ್ಕಳಿಗೆ ಹಬ್ಬ. ಹಿರಿಯರೊಬ್ಬರು ಬಂದು ನಿಂತರು. “ತಮ್ಮಾ, ಈ ಹಲಗಿ ಬಿಡಸಾಕ ನಾವು ಎಷ್ಟು ಬಡಿದಾಡೀವಿ ಗೊತ್ತೈತೇನು? ಊರವ್ರ ಹೆಣದ ಮುಂದ ಬಡಿಯಂಗಿಲ್ಲ ಅಂದಿದ್ದಕ್ಕ ಆರು ತಿಂಗಳು ಕೂಲಿ ಕೊಡಲಿಲ್ಲ. ನೀವು ಸಾಲಿ ಹುಡ್ರ ಕೈಯಾಗ ಮತ್ತ ಕೊಡ್ತೀರಿ.” ನಮ್ಮೊಳಗೇ ವಾದ ಆಯಿತು. ಹೋರಾಟದ ಮೆರವಣಿಗೆಯಲ್ಲಿ ಅದೇ ಹಲಗಿ ನಮ್ಮ ದನಿಯಾಗಿದೆ, ಚಾಕರಿಯ ಹಲಗಿ ಬೇರೆ ಸಿಟ್ಟಿನ ಹಲಗಿ ಬೇರೆ ಅಂತ ಕೆಲವರು ಅಂದರು. ಸರಿಯೇ. ಆದರೂ ಅವರ ಮಾತಿಗೆ ಬೆಲೆ ಕೊಟ್ಟು ಹಲಗಿ ಗೋಡೆಗೆ ತೂಗುಹಾಕಿದೆವು. ಈಗ ಚಪ್ಪಾಳೆ.

ಇನ್ನು ಕತೆ. ನಮ್ಮ ಸೀಮೆ ಕತೆಗೆ ಬಡತನ ಕಂಡದ್ದಲ್ಲ. ದರೋಜಿಯ ಈರಮ್ಮ 2014ರಲ್ಲಿ ತೀರಿಕೊಳ್ಳುವವರೆಗೆ ರಾತ್ರಿಗಟ್ಟಲೆ ಬುರ್ರಕಥೆ ಹಾಡಿದವಳು, ಅಕ್ಷರ ಕಲಿತವಳಲ್ಲ. ಹಡಗಲಿಯ ಮೈಲಾರದಲ್ಲಿ ಗೊರವಪ್ಪ ಬಿಲ್ಲಿನ ಮೇಲೇರಿ ಒಂದೇ ಸಾಲಿನ ಕಾರಣಿಕ ನುಡಿದರೆ ಸೇರಿದ ಜನ ಆ ಒಂದು ಸಾಲನ್ನು ಹಿಡಿದು ವರ್ಷವಿಡೀ ಮಾತಾಡುತ್ತಾರೆ. ಬಯಲಾಟದ ಮಾಸ್ತರ ಓದು ಬಾರದ ಪಾತ್ರಧಾರಿಗೆ ಮಾತನ್ನು ತುಂಡು ಮಾಡಿ ಬಾಯಿಗೆ ಹಾಕಿ ಉರು ಹೊಡೆಸುತ್ತಾನೆ. ಆದರೆ ಅಲ್ಲಿ ಗಿಳಿಪಾಠ ಇಲ್ಲ. ರಾಕ್ಷಸನ ಪಾತ್ರದವನಿಗೆ ತಾನು ಏನು ಅಬ್ಬರಿಸುತ್ತಿದ್ದೇನೆ ಅಂತ ಗೊತ್ತು, ಎದುರಿಗೆ ಕೂತವರಿಗೂ ಗೊತ್ತು.

ನಾವು ಮೂರಕ್ಷರದ ಪದಗಳಲ್ಲಿ ಒಂದು ಕತೆ ಕಟ್ಟಿದೆವು. ಎ ಹೆನ್. ಎ ರೆಡ್ ಹೆನ್. ದ ಹೆನ್ ರ‍್ಯಾನ್. ದ ಡಾಗ್ ರ‍್ಯಾನ್. ಇಷ್ಟೇ. ಒಬ್ಬೊಬ್ಬರೇ ನಿಂತು ಓದಬೇಕು, ಗುಂಪಿನ ಕೂಗು ಇಲ್ಲ. ಗುಂಪಿನಲ್ಲಿ ಓದು ಬಾರದವನೂ ಬಾಯಿ ಆಡಿಸಿ ಬಚಾವಾಗುತ್ತಾನೆ. ಒಬ್ಬ ಓದುವಾಗ ಉಳಿದವರು ಬೆರಳಿಟ್ಟು ಹಿಂಬಾಲಿಸಬೇಕು. ತಪ್ಪಿದರೆ ನಗುವಂತಿಲ್ಲ, ನಕ್ಕವನು ಮುಂದಿನ ಸಾಲು ಓದಬೇಕು. ಕತೆ ಮುಗಿದ ಮೇಲೆ ಕೋಳಿ ಎಲ್ಲಿಗೆ ಓಡಿತು ಅಂತ ಕೇಳಿದೆವು. ಗೌಡರ ಹಿತ್ತಲಿಗೆ ಅಂದ ಒಬ್ಬ. ಹಂಗಾದ್ರ ನಾವು ಹಿಡಿಯಾಕ ಹೋಗಂಗಿಲ್ಲ ಅಂದ ಇನ್ನೊಬ್ಬ. ಯಾಕ ಹೋಗಂಗಿಲ್ಲ, ಕೋಳಿ ನಮ್ದು ಅಂದಳು ಆ ಕ್ಯಾಟ್ ಹುಡುಗಿ. ಅರ್ಧ ಗಂಟೆ ಜಗಳ ನಡೆಯಿತು. ಕೊನೆಗೆ ‘ಗೆಟ್ ದ ಹೆನ್’ ಅನ್ನುವ ಸಾಲು ಸೇರಿತು. ಅದನ್ನು ಅವರೇ ಕಟ್ಟಿದ್ದು, ಆದ್ದರಿಂದ ಅದನ್ನು ಓದುವಾಗ ಒಬ್ಬರೂ ತಡವರಿಸುವುದಿಲ್ಲ.

ತಾಂಡಾಗಳಲ್ಲಿ ಇದೇ ಪಟ್ಟಿ ನಡೆಯುವುದಿಲ್ಲ ಅನ್ನುವುದು ಹರಪನಹಳ್ಳಿ ಕಡೆಯ ಗೆಳೆಯರ ಅನುಭವ. ಲಂಬಾಣಿ ಮಕ್ಕಳಿಗೆ ಪುಸ್ತಕದ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಅವರ ಮನೆಮಾತಿನ ಪದಗಳಿಂದಲೇ ತುಂಡು ಎಣಿಸುವುದು ಶುರುವಾಗಬೇಕು. ಸುಗ್ಗಿ ಮುಗಿದ ಮೇಲೆ ಅಪ್ಪ-ಅವ್ವನ ಜೊತೆ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಹೋಗುವ ಮಕ್ಕಳಿಗೆ ಒಂದೇ ಹಾಳೆಯ ಪಟ್ಟಿ ಮಡಚಿ ಕೊಟ್ಟು ಕಳಿಸುತ್ತಿದ್ದೇವೆ. ಒಂದು ಬದಿಗೆ ತುಂಡುಗಳು, ಇನ್ನೊಂದು ಬದಿಗೆ ಮೂರು ಸಣ್ಣ ಕತೆ. ತಿರುಗಿ ಬಂದಾಗ ಹಾಳೆ ಹರಿದಿರುತ್ತದೆ, ಕೆಲವರ ಹಾಳೆಯ ಅಂಚಿನಲ್ಲಿ ತೋಟದ ಬೋರ್ಡಿನಿಂದ ಬರೆದುಕೊಂಡ ಹೊಸ ಪದ ಇರುತ್ತವೆ.

ಹಗರಿಬೊಮ್ಮನಹಳ್ಳಿ, ಕೊಟ್ಟೂರು ಕಡೆಯ ಮೇಷ್ಟ್ರುಗಳು ತಮ್ಮ ಶಾಲೆಯ ಮಕ್ಕಳ ಮನೆಯಲ್ಲಿ ಆಡುವ ಇಂಗ್ಲಿಷ್ ಪದಗಳ ಪಟ್ಟಿ ಮಾಡಿ ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ತುಂಡು ಬಿಡಿಸಿ ಅಚ್ಚುಹಾಕುತ್ತೇವೆ. ಇಟ್ಟಿಗೆ ಭಟ್ಟಿಯ ಪದಗಳು ನಮ್ಮಲ್ಲಿ ಕಡಿಮೆ ಇವೆ. ಕೋಳಿ ಕತೆಗೆ ಬೇರೆ ಊರಿನ ಮಕ್ಕಳು ಯಾವ ಕೊನೆ ಹೇಳುತ್ತಾರೆ ಅನ್ನುವುದನ್ನೂ ಬರೆಯಿರಿ.